ಕೋವಳಂ ಕಡಲಂಚಿನ ಹಳೆಯ ಹೋಟೆಲಿನಲ್ಲಿ ಮೂರು ರಾತ್ರಿ: ಕೊಠಡಿ ಕಾದಿರಿಸಲೇ, ಬೇಡವೇ?

ಒಂಟಿಕೊಪ್ಪಲಿನವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಜನವರಿಗೆ ನನ್ನ ತಂದೆತಾಯಿಯರ ಮದುವೆಯಾಗಿ 40 ವರ್ಷ ತುಂಬುತ್ತದೆ. ಮದುವೆಯಾದ ವರ್ಷವೇ, ಅಂದರೆ 1986ರಲ್ಲಿ, ತಂದೆಯವರು ಬ್ಯಾಂಕಿನಿಂದ ಸಿಕ್ಕ ಎಲ್‌ಎಫ್‌ಸಿಯಲ್ಲಿ (ರಜೆಯ ಪ್ರವಾಸ ಭತ್ಯೆಯಲ್ಲಿ) ತಾಯಿಯವರನ್ನು ಕೋವಳಂಗೆ ಕರೆದುಕೊಂಡು ಹೋಗಿದ್ದರು. ಆಗ ಅವರಿಬ್ಬರೂ ತಂಗಿದ್ದ ಹೋಟೆಲು ಇಂದಿಗೂ ಇದೆ, ಹೆಸರೂ ಬದಲಾಗಿಲ್ಲ. ನಮ್ಮ ಮನೆಯ ಆಲ್ಬಮಿನಲ್ಲಿ ಅದರ ಒಂದೇ ಒಂದು ಫೋಟೊ ಉಳಿದಿದೆ. ಕಾವಿ ನೆಲದ ಜಗಲಿ, ಬೆತ್ತದ ಕುರ್ಚಿಯಲ್ಲಿ ಕುಳಿತ ಅಮ್ಮ, ಅವರ ಹಿಂದೆ ಎರಡು ತೆಂಗಿನ ಮರ, ಅದರಾಚೆ ಕಡಲು.

ಅದೇ ಹೋಟೆಲಿನಲ್ಲಿ ಅವರನ್ನು ಮತ್ತೆ ಮೂರು ರಾತ್ರಿ ಇರಿಸಬೇಕೆಂಬುದು ನನ್ನ ಆಸೆ. ಜೊತೆಗೆ ನಾನೂ ನನ್ನ ಯಜಮಾನರೂ ಹೋಗುವವರಿದ್ದೇವೆ. ಆದರೆ ಅಲ್ಲಿ ಉಳಿದು ಬಂದವರು ಅಂತರ್ಜಾಲದಲ್ಲಿ ಬರೆದಿರುವ ಅನಿಸಿಕೆಗಳನ್ನು ಓದಿದ ಮೇಲೆ ಮನಸ್ಸು ಡೋಲಾಯಮಾನವಾಗಿದೆ. ಒಬ್ಬರು ಅಲೆಯ ಸದ್ದು ಹಾಸಿಗೆಯವರೆಗೂ ಬರುತ್ತದೆ ಎಂದು ಹೊಗಳಿದರೆ, ಮತ್ತೊಬ್ಬರು ಮುಗ್ಗಲು ವಾಸನೆ, ತುಕ್ಕು ಹಿಡಿದ ನಲ್ಲಿ, ರಾತ್ರಿಯಿಡೀ ಗೊರಗುಡುವ ಎ.ಸಿ., ಕಪಾಟಿನ ತುಂಬ ನುಸಿಗುಳಿಗೆ ಎಂದು ಪಟ್ಟಿ ಮಾಡಿದ್ದಾರೆ. ಅದೇ ಬಾಡಿಗೆಗೆ ಕಡಲಿನಿಂದ ತುಸು ದೂರದಲ್ಲಿ ಹೊಸ ಹೋಟೆಲುಗಳೂ ಸಿಗುತ್ತವೆ. ಕಟ್ಟಡ ಹಳೆಯದೆಂಬುದೇ ಅಂಜಬೇಕಾದ ಸಂಗತಿಯೇ? ಕೊಠಡಿ ಗೊತ್ತು ಮಾಡುವ ಮುನ್ನ ಫೋನಿನಲ್ಲಿ ಏನೇನು ವಿಚಾರಿಸಬೇಕು? ಅಮ್ಮನಿಗೆ ಮಂಡಿ ನೋವಿದೆ, ಮೆಟ್ಟಿಲು ಹತ್ತಲಾಗುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉಪ್ಪುಗಾಳಿ

ನಾನು ಉಡುಪಿಯವನು. ಕಡಲತೀರದ ಕಟ್ಟಡಗಳ ದುರಸ್ತಿಯಲ್ಲೇ ವೃತ್ತಿಜೀವನ ಕಳೆದ ನಿವೃತ್ತ ಸಿವಿಲ್ ಎಂಜಿನಿಯರ್ ಆದ್ದರಿಂದ ತಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರಿಸಲು ಯತ್ನಿಸುತ್ತೇನೆ.

ಹಳೆಯ ಹೋಟೆಲು ಕಡಲಿಗೆ ಅಷ್ಟು ಹತ್ತಿರವಿರುವುದಕ್ಕೆ ಕಾರಣ ಅದು ಹಳೆಯದಾಗಿರುವುದೇ. ಕೇಂದ್ರ ಸರ್ಕಾರವು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿದ್ದು 1991ರ ಫೆಬ್ರುವರಿಯಲ್ಲಿ. ಅಲ್ಲಿಂದೀಚೆಗೆ, ಪಟ್ಟಣವಾಗಿ ಬೆಳೆಯದ ಕಡಲತೀರಗಳಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್ ಒಳಗೆ ಹೊಸ ಹೋಟೆಲು ಕಟ್ಟುವುದಕ್ಕೆ ತಡೆ ಬಿದ್ದಿತು. ಆಮೇಲೆ 2011ರಲ್ಲೂ 2019ರಲ್ಲೂ ನಿಯಮಗಳು ಬದಲಾದವಾದರೂ ಅಂದು ನೀರಿನಂಚಿನಲ್ಲಿ ನೆಲೆಯೂರಿದ್ದವರ ಜಾಗ ಹೊಸಬರಿಗೆ ಸುಲಭವಾಗಿ ದಕ್ಕುವಂಥದ್ದಲ್ಲ. ಆದ್ದರಿಂದ ತಾವು ಕೊಡುವ ಬಾಡಿಗೆಯ ಬಹುಪಾಲು ಆ ಜಾಗಕ್ಕೆ ಸಲ್ಲುತ್ತದೆಯೇ ಹೊರತು ಹಾಸಿಗೆ, ನಲ್ಲಿ, ಟಿ.ವಿ.ಗಳಿಗಲ್ಲ. ಅದೇ ದುಡ್ಡಿಗೆ ದೂರದ ಹೊಸ ಹೋಟೆಲು ಥಳಥಳಿಸುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಕಟ್ಟಡದ ಸಂಗತಿ. ಒಳ್ಳೆಯ ಕಾಂಕ್ರೀಟು ಕ್ಷಾರೀಯವಾಗಿರುತ್ತದೆ. ಆ ಕ್ಷಾರದಿಂದಾಗಿ ಒಳಗಿನ ಕಬ್ಬಿಣದ ಕಂಬಿಯ ಮೇಲೆ ತೆಳುವಾದೊಂದು ರಕ್ಷಾಪದರ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಕಡಲ ಗಾಳಿಯಲ್ಲಿರುವ ಉಪ್ಪಿನ ಕ್ಲೋರೈಡು ವರ್ಷಾನುಗಟ್ಟಲೆ ಸಣ್ಣ ಸಣ್ಣ ರಂಧ್ರಗಳ ಮೂಲಕ ಒಳಗಿಳಿದು ಕಂಬಿಯನ್ನು ಮುಟ್ಟಿದ ದಿನ ಆ ಪದರ ಒಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಮೇಲಿನ ಕಾಂಕ್ರೀಟು ಸೀಳಿ, ಹಕ್ಕಳೆ ಹಕ್ಕಳೆಯಾಗಿ ಕಳಚಿ ಬೀಳುತ್ತದೆ. ಕಾಂಕ್ರೀಟು ಕೆಲಸದ ಭಾರತೀಯ ಮಾನಕ ಸಂಹಿತೆ, ಅಂದರೆ ಐಎಸ್ 456ರ 2000ದ ಆವೃತ್ತಿ, ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿನಲ್ಲಿ ಕಂಬಿಯ ಮೇಲೆ 45 ಮಿ.ಮೀ. ಹೊದಿಕೆಯನ್ನು ಕೇಳುತ್ತದೆ, ನಾವು ಒಡೆದು ನೋಡಿದ ಎಂಬತ್ತರ ದಶಕದ ಸ್ಲ್ಯಾಬುಗಳಲ್ಲಿ 15 ಮಿ.ಮೀ. ಇದ್ದರೆ ಅದೇ ಹೆಚ್ಚು. ಹೀಗಾಗಿ ಅಂಥ ಕಟ್ಟಡದಲ್ಲಿ ಮೊದಲು ಕೆಡುವುದು ಬಾಲ್ಕನಿಯ ತಳ, ಸಜ್ಜಾ ಮತ್ತು ನೀರಿನ ಟ್ಯಾಂಕು ಹೊತ್ತ ಕಂಬಗಳು.

ನಾನು ಎರಡು ಬಗೆಯ ಹಳೆತನವನ್ನು ಬೇರೆ ಬೇರೆಯಾಗಿ ನೋಡುತ್ತೇನೆ. ಹಿತ್ತಾಳೆಯ ಚಿಲಕ ಹಸಿರುಗಟ್ಟುವುದು, ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಕನ್ನಡಿಯ ಅಂಚು ಕಪ್ಪಾಗುವುದು ಇವೆಲ್ಲ ಉಪ್ಪುಗಾಳಿಯ ಕೆಲಸ. ಎಂಥ ಮಾಲೀಕನಿದ್ದರೂ ಪೂರ್ತಿ ತಡೆಯಲಾರ. ಹಾಸಿಗೆಯಲ್ಲಿ ಬೂಸ್ಟು, ಸ್ನಾನದ ಮನೆಯ ಛಾವಣಿಯಲ್ಲಿ ಒದ್ದೆ ಕಲೆ, ಬಾಲ್ಕನಿಯ ತಳದಲ್ಲಿ ತುಕ್ಕಿನ ನೀರಿಳಿದ ಕಂದು ಗೆರೆ ಇವೆಲ್ಲ ಅಲಕ್ಷ್ಯ. ಮೊದಲನೆಯದನ್ನು ಸಹಿಸಿಕೊಳ್ಳಬಹುದು, ಎರಡನೆಯದನ್ನು ಸಹಿಸಬಾರದು. ನುಸಿಗುಳಿಗೆಯನ್ನಂತೂ ನಾನು ತಪ್ಪೊಪ್ಪಿಗೆ ಎಂದೇ ತಿಳಿಯುತ್ತೇನೆ, ಏಕೆಂದರೆ ಒಣಗಿಸಬೇಕಾದ ಕಪಾಟಿಗೆ ವಾಸನೆ ಹಚ್ಚಿ ಬಾಗಿಲು ಹಾಕಿರುತ್ತಾರೆ.

ಫೋನು ಮಾಡಿದಾಗ ‘ಹೋಟೆಲು ಚೆನ್ನಾಗಿದೆಯೇ’ ಎಂದು ಕೇಳಿ ಉಪಯೋಗವಿಲ್ಲ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಎ.ಸಿ.ಯ ಹೊರಗಿನ ಯೂನಿಟ್ಟನ್ನು ಯಾವ ವರ್ಷ ಬದಲಾಯಿಸಿದರೆಂದು ಕೇಳಿ. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ತಗಡು ತಾಗಿಕೊಂಡಿರುವ ಆ ಯಂತ್ರ ಉಪ್ಪುಗಾಳಿಯಲ್ಲಿ ಬೇಗ ಸವೆಯುತ್ತದೆ; ತಗಡು ಪುಡಿಯಾದ ಮೇಲೆ ಅದು ಸದ್ದು ಮಾಡುವುದೇ ಹೆಚ್ಚು, ತಣಿಸುವುದು ಕಡಿಮೆ. ನಲ್ಲಿಯ ನೀರು ಕೊಳವೆಬಾವಿಯದೋ ಪೈಪಿನದೋ ಟ್ಯಾಂಕರಿನದೋ ಎಂದು ಕೇಳಿ. ತಾವು ಹೋಗುವ ಹಿಂದಿನ ಎರಡು ದಿನ ಆ ಕೊಠಡಿಯಲ್ಲಿ ಯಾರಾದರೂ ಇದ್ದರೇ ಎಂದೂ ಕೇಳಬಹುದು, ಏಕೆಂದರೆ ವಾರಗಟ್ಟಲೆ ಮುಚ್ಚಿಟ್ಟ ಕೊಠಡಿಯೇ ಮುಗ್ಗುವುದು. ಹೋದ ಕೂಡಲೇ ಎ.ಸಿ. ಹಾಕಬೇಡಿ, ಮೊದಲು ಕಿಟಕಿ ಬಾಗಿಲು ತೆರೆದು ಫ್ಯಾನು ತಿರುಗಿಸಿ, ದಿಂಬನ್ನು ಮೂಗಿಗೆ ಹಿಡಿದು ನೋಡಿ. ಕೈಚೀಲ ಬಿಚ್ಚುವ ಮುನ್ನ ಕೊಠಡಿ ಬದಲಾಯಿಸಿಕೊಳ್ಳುವುದು ಸುಲಭ.

ಅನಂತಪುರಿಯ ಕನ್ನಡಿಗ

ನಾನು ಕೆಲಸದ ನಿಮಿತ್ತ ತಿರುವನಂತಪುರದಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇನೆ. ಊರಿನಿಂದ ಬಂದ ನೆಂಟರೆಲ್ಲ ಕೋವಳಂ ಎನ್ನುವುದರಿಂದ ಆ ದಾರಿ ಕಣ್ಣು ಮುಚ್ಚಿದರೂ ಕಾಣುತ್ತದೆ. ಉಪ್ಪುಗಾಳಿಯವರು ಕಟ್ಟಡದ ಬಗ್ಗೆ ಹೇಳಿದ್ದಾರೆ, ನಾನು ನೆಲದ ಬಗ್ಗೆ ಹೇಳುತ್ತೇನೆ.

ಕೋವಳಂ ಎಂದರೆ ಒಂದೇ ಕಡಲತೀರವಲ್ಲ. ಬಂಡೆಗಳ ಚಾಚುಗಳು ಅದನ್ನು ಅರ್ಧಚಂದ್ರದಂಥ ತುಂಡುಗಳಾಗಿ ಒಡೆದಿವೆ: ದಕ್ಷಿಣಕ್ಕೆ ದೀಪಸ್ತಂಭದ ಲೈಟ್‌ಹೌಸ್ ಬೀಚ್, ನಡುವೆ ಹವಾ ಬೀಚ್, ಉತ್ತರಕ್ಕೆ ಸಮುದ್ರ ಬೀಚ್. ತಮ್ಮ ಹೋಟೆಲು ಇವುಗಳಲ್ಲಿ ಯಾವುದರ ಮೇಲಿದೆ ಎಂಬುದು ತಾಯಿಯವರ ಮಂಡಿಯ ದೃಷ್ಟಿಯಿಂದ ಬಹಳ ಮುಖ್ಯ. ಲೈಟ್‌ಹೌಸ್ ಬೀಚಿನ ಬಹಳಷ್ಟು ಹೋಟೆಲುಗಳ ಬಾಗಿಲಿಗೆ ಕಾರು ಹೋಗುವುದಿಲ್ಲ. ಗಾಡಿ ಹಿಂದೆಯೇ ನಿಲ್ಲುತ್ತದೆ, ಅಲ್ಲಿಂದ ಇಳಿಜಾರಿನ ಓಣಿಯಲ್ಲೋ ಮರಳಿಗೆ ಅಂಟಿಕೊಂಡ ಕಾಲುದಾರಿಯಲ್ಲೋ ಸಾಮಾನು ಹೊತ್ತು ನಡೆಯಬೇಕು. ಜಾಹೀರಾತಿನ ಫೋಟೊಗಳಲ್ಲಿ ಕಡಲು ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ಹೋಟೆಲಿನವರನ್ನು ನೇರವಾಗಿ ‘ಆಟೊ ಇಳಿದ ಜಾಗದಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು’ ಎಂದು ಕೇಳಿ ಸಂಖ್ಯೆಯನ್ನೇ ಹೇಳಿಸಿಕೊಳ್ಳಿ.

ಕೋವಳಂನ ಹಳೆಯ ಹೋಟೆಲು ಎಂದೊಡನೆ ಹಲವರಿಗೆ ನೆನಪಾಗುವುದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಎಪ್ಪತ್ತರ ದಶಕದ ಆರಂಭದಲ್ಲಿ ಪ್ರವಾಸೋದ್ಯಮ ನಿಗಮಕ್ಕಾಗಿ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ವಿನ್ಯಾಸಗೊಳಿಸಿದ ದೊಡ್ಡ ಹೋಟೆಲು. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರವನ್ನು ರೂಪಿಸಿದವರೂ ಅವರೇ. ತಾವು ಹೇಳುತ್ತಿರುವುದು ಅದಲ್ಲ, ಆ ಕಾಲದಲ್ಲಿ ಬೆನ್ನಚೀಲದ ವಿದೇಶಿಯರನ್ನು ನೆಚ್ಚಿಕೊಂಡು ತಲೆಯೆತ್ತಿದ ಸಣ್ಣ ಖಾಸಗಿ ಹೋಟೆಲುಗಳಲ್ಲಿ ಒಂದು ಎಂದು ಫೋಟೊದ ವರ್ಣನೆಯಿಂದ ಊಹಿಸುತ್ತೇನೆ. ಅಂಥವುಗಳಲ್ಲಿ ಹೆಚ್ಚಿನವು ಮನೆಮಂದಿಯೇ ನಡೆಸುವಂಥವು, ಆದ್ದರಿಂದ ಫೋನಿನಲ್ಲಿ ಮಾಲೀಕರನ್ನೇ ಮಾತಾಡಿಸಬಹುದು.

ತಿಂಗಳು ಸರಿಯಾಗಿಯೇ ಆರಿಸಿಕೊಂಡಿದ್ದೀರಿ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಅಲೆ ಮರಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ತುಲಾವರ್ಷ, ಅಂದರೆ ನಮ್ಮ ಹಿಂಗಾರು, ಮಧ್ಯಾಹ್ನವಾಗುತ್ತಿದ್ದಂತೆ ಗುಡುಗುತ್ತದೆ. ಜನವರಿಯಲ್ಲಿ ಕಡಲು ಶಾಂತವಾಗಿದ್ದು ಮರಳು ತಿರುಗಿ ಬಂದಿರುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಇನ್ನೊಂದು ಎಚ್ಚರಿಕೆ ಹೇಳಬೇಕಾಗುತ್ತದೆ. ಇಲ್ಲಿ ಗಾಳಿಯೂ ಇಲ್ಲದೆ, ಮೋಡವೂ ಇಲ್ಲದೆ ಇದ್ದಕ್ಕಿದ್ದಂತೆ ಕಡಲು ಒಳನುಗ್ಗುವುದುಂಟು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಬಂದು ಹೀಗಾಗುತ್ತದೆ. ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಜನವರಿಯಲ್ಲಿ ಅದರ ಚಿಂತೆ ಕಡಿಮೆ, ಆದರೂ ಕೆಂಪು ಬಾವುಟವಿದ್ದ ಕಡೆ ನೀರಿಗಿಳಿಯಬೇಡಿ. ಮೇಲೆ ನಯವಾಗಿ ಕಂಡರೂ ಕೆಳಗೆ ಒಳಸೆಳೆತವಿರುತ್ತದೆ.

ಊಟದ ಬಗ್ಗೆ ಹೆದರಿಕೆ ಬೇಡ. ಬೆಳಗಿನ ಹೊತ್ತು ಪುಟ್ಟು, ಕಡಲೆ ಪಲ್ಯ, ಅಪ್ಪಂ, ತರಕಾರಿಯ ‘ಇಷ್ಟು’ (ಸ್ಟ್ಯೂ) ಎಲ್ಲ ಕಡೆಯೂ ಸಿಗುತ್ತದೆ. ಆದರೆ ಒಂದೇ ಅಡುಗೆಮನೆಯಲ್ಲಿ ಮೀನೂ ಬೇಯುತ್ತಿರುತ್ತದೆ. ಅದು ತಮ್ಮ ತಂದೆತಾಯಿಯರಿಗೆ ಒಗ್ಗದಿದ್ದರೆ ಮಧ್ಯಾಹ್ನದ ಊಟಕ್ಕೆ ನಗರಕ್ಕೆ ಬರುವುದೇ ಮೇಲು, ಸುಮಾರು 15 ಕಿ.ಮೀ. ಅಷ್ಟೇ. ಕುಡಿಯಲು ಗುಲಾಬಿ ಬಣ್ಣದ ಬಿಸಿನೀರು ಕೊಟ್ಟರೆ ಗಾಬರಿಯಾಗಬಾರದು. ಅದು ಪತಿಮುಖಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು.

ನೇರನುಡಿ

ಕ್ಷಮಿಸಿ, ನನ್ನ ಅಭಿಪ್ರಾಯ ಬೇರೆ. ಎಪ್ಪತ್ತರ ಆಸುಪಾಸಿನವರನ್ನು ನೆನಪಿನ ಹೆಸರಿನಲ್ಲಿ ಉಬ್ಬಿದ ಬಾಗಿಲು, ಜಾರುವ ಸ್ನಾನದ ಮನೆಗಳಿರುವ ಕಡೆಗೆ ಕರೆದೊಯ್ಯುವುದು ನನಗೆ ಸರಿಕಾಣುವುದಿಲ್ಲ. ನಾನು ಹಿಂದೊಮ್ಮೆ, ಬೇರೊಂದು ಕಡಲತೀರದ ಇಂಥದೇ ಹಳೆಯ ಹೋಟೆಲಿನಲ್ಲಿ, ನಡುರಾತ್ರಿ ಗೀಸರ್ ಕೈಕೊಟ್ಟು, ವಯಸ್ಸಾದ ಅತ್ತೆಯವರಿಗಾಗಿ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ಬಿಸಿನೀರು ಹೊತ್ತಿದ್ದೇನೆ. ಲಿಫ್ಟು, ಹಿಡಿಗಂಬಿ, ಜನರೇಟರು ಇರುವ ಹೊಸ ಹೋಟೆಲಿನಲ್ಲಿ ಉಳಿಯಿರಿ. ಹಳೆಯ ಹೋಟೆಲಿಗೆ ಒಂದು ಸಂಜೆ ಹೋಗಿ, ಅದೇ ಜಗಲಿಯಲ್ಲಿ ಕಾಫಿ ಕುಡಿದು, ಫೋಟೊ ತೆಗೆಸಿಕೊಂಡು ಬನ್ನಿ. ಎರಡೂ ಆಗುತ್ತದೆ.

ಒಂಟಿಕೊಪ್ಪಲಿನವಳು

ಮೂವರಿಗೂ ಕೃತಜ್ಞತೆಗಳು. ನಿನ್ನೆ ಫೋನು ಮಾಡಿ ಇಲ್ಲಿ ಸೂಚಿಸಿದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದೆ. ಆಟೊ ಇಳಿದ ಜಾಗದಿಂದ ನೆಲಮಹಡಿಯ ಕೊಠಡಿಗೆ ಹನ್ನೊಂದು ಮೆಟ್ಟಿಲು, ಅವೂ ಇಳಿಯುವ ಮೆಟ್ಟಿಲುಗಳು. ಮೊದಲ ಮಹಡಿಗಾದರೆ ಇನ್ನೂ ಹದಿನೆಂಟು. ಎ.ಸಿ.ಯ ವರ್ಷ ಕೇಳಿದಾಗ ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಲಮಹಡಿಯ ಎರಡು ಕೊಠಡಿಗಳಲ್ಲಿ ಹೋದ ವರ್ಷ ಹೊಸದು ಹಾಕಿದ್ದಾಗಿಯೂ ಉಳಿದವು ಹಳೆಯವೆಂದೂ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ಮೆಚ್ಚಿ ಅವೆರಡನ್ನೇ ಕಾದಿರಿಸಿದ್ದೇನೆ. ನೇರನುಡಿಯವರ ಮಾತನ್ನೂ ಕಡೆಗಣಿಸಿಲ್ಲ. ಮೊದಲ ರಾತ್ರಿಗೆ ಮಾತ್ರ ಮುಂಗಡ ಕಟ್ಟಿದ್ದೇನೆ, ಉಳಿದೆರಡು ರಾತ್ರಿಗಳ ತೀರ್ಮಾನ ಅಲ್ಲಿಗೆ ಹೋದ ಮೇಲೆ.

ಒಂಟಿಕೊಪ್ಪಲಿನವಳು (ಹೋಗಿ ಬಂದ ಮೇಲೆ)

ಹೋಗಿ ಬಂದೆವು, ಮೂರು ರಾತ್ರಿಯೂ ಅಲ್ಲೇ ಇದ್ದೆವು. ಮುಂದೆ ಯಾರಿಗಾದರೂ ಅನುಕೂಲವಾಗಲೆಂದು ವಿವರ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ರಾತ್ರಿ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಮಧ್ಯಾಹ್ನ ತಿರುವನಂತಪುರದಲ್ಲಿ ಇಳಿದೆವು. ಎಲ್ಲಿಗೆ ಹೋಗುತ್ತಿದ್ದೇವೆಂದು ಅಪ್ಪನಿಗೆ ಕೊನೆಯವರೆಗೂ ಹೇಳಿರಲಿಲ್ಲ. ಆಟೊ ನಿಂತ ಜಾಗದಲ್ಲಿ ಇಳಿದವರು ಮೆಟ್ಟಿಲುಗಳನ್ನು ನೋಡಿ, ‘ಇಲ್ಲಿ ಬಲಗಡೆ ಬಾವಿ ಇರಬೇಕು’ ಎಂದರು. ಬಾವಿ ಇತ್ತು, ಆದರೆ ಮೇಲೆ ಕಬ್ಬಿಣದ ಜಾಲರಿ ಹಾಕಿ ಅದರ ಮೇಲೆ ಪಂಪ್‌ಸೆಟ್ಟು ಕೂರಿಸಿದ್ದರು.

ಕೊಠಡಿಯ ಬಾಗಿಲು ಉಬ್ಬಿತ್ತು. ಹಾಕಬೇಕಾದರೆ ಹಿಡಿಯನ್ನು ತುಸು ಮೇಲಕ್ಕೆತ್ತಿ ಭುಜದಿಂದ ನೂಕಬೇಕಿತ್ತು. ಎರಡನೆಯ ದಿನದ ಹೊತ್ತಿಗೆ ಅದು ನಮ್ಮೆಲ್ಲರಿಗೂ ರೂಢಿಯಾಯಿತು. ಕಿಟಕಿಯ ಅಗುಳಿ ಹಸಿರುಗಟ್ಟಿತ್ತು. ಮೊದಲು ದಿಂಬನ್ನು ಮೂಗಿಗೆ ಹಿಡಿದು ನೋಡಿದೆ. ಅಪ್ಪ ಅಮ್ಮನ ಕೊಠಡಿಯ ದಿಂಬು ಬಿಸಿಲಿಗೆ ಒಣಗಿಸಿದ್ದು ಗೊತ್ತಾಗುತ್ತಿತ್ತು. ನಮ್ಮದರಲ್ಲಿ ಮುಗ್ಗಲು ವಾಸನೆ ಇತ್ತು. ಹೇಳಿದ ಹತ್ತು ನಿಮಿಷಕ್ಕೆ ಹಾಸಿಗೆಯ ಸಮೇತ ಬದಲಾಯಿಸಿದರು. ಎ.ಸಿ. ಸದ್ದು ಮಾಡಲಿಲ್ಲ. ನಲ್ಲಿಯ ನೀರು ಮಾತ್ರ ಸವುಳು. ಸೋಪು ಎಷ್ಟು ಉಜ್ಜಿದರೂ ನೊರೆ ಬಾರದು, ತಲೆಗೂದಲು ತೆಂಗಿನ ನಾರಿನಂತಾಯಿತು. ಅದನ್ನು ಅವರು ಫೋನಿನಲ್ಲಿ ಹೇಳಿರಲಿಲ್ಲ. ಸ್ನಾನದ ಮನೆಯಲ್ಲಿ ಹಿಡಿಗಂಬಿ ಇರಲಿಲ್ಲ, ಕೇಳಿದ್ದಕ್ಕೆ ಪ್ಲಾಸ್ಟಿಕ್ ಸ್ಟೂಲೊಂದನ್ನು ಕೊಟ್ಟರು. ಅಮ್ಮ ಕುಳಿತೇ ಸ್ನಾನ ಮಾಡಿದರು.

ಫೋಟೊದಲ್ಲಿದ್ದ ಜಗಲಿಗೆ ಈಗ ಬೂದು ಬಣ್ಣದ ಟೈಲ್ಸ್ ಹಾಕಿದ್ದಾರೆ. ಗೋಡೆಯ ಮೂಲೆಯಲ್ಲಿ ಹೂಕುಂಡ ಇಟ್ಟ ಕಡೆ ಮಾತ್ರ ಟೈಲ್ಸ್ ಸಾಲದೆ ಬಿಟ್ಟಿದ್ದ ಒಂದು ಗೇಣಿನಷ್ಟು ಕಾವಿ ನೆಲ ಉಳಿದಿತ್ತು. ಅಮ್ಮ ಕುಂಡವನ್ನು ಸರಿಸಿ ಅದನ್ನು ಕಾಲಿನಿಂದ ಮುಟ್ಟಿ ನೋಡಿದರು. ಎರಡು ತೆಂಗಿನ ಮರಗಳಲ್ಲಿ ಒಂದಿದೆ. ಬೆತ್ತದ ಕುರ್ಚಿಗಳು ಹೋಗಿ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ. ಬೆಳಿಗ್ಗೆ ಆರೂವರೆಗೆ ಮೀನುಗಾರರು ಎರಡು ಸಾಲಾಗಿ ನಿಂತು ಕಂಬವಲೆಯನ್ನು, ಅಂದರೆ ದಡಕ್ಕೆ ಎಳೆಯುವ ಉದ್ದನೆಯ ಬಲೆಯನ್ನು, ಎಳೆಯುವುದನ್ನು ಆ ಕುರ್ಚಿಗಳಲ್ಲೇ ಕುಳಿತು ನೋಡಬಹುದಿತ್ತು. ಚಿಕ್ಕಂದಿನಲ್ಲಿ ಕುಮಟೆಯಲ್ಲಿ ಇಂಥದೇ ರಂಪಣಿ ಬಲೆ ನೋಡಿದ್ದ ಅಪ್ಪ, ಬಲೆ ದಡಕ್ಕೆ ಬರುವ ಹೊತ್ತಿಗೆ ಹಗ್ಗಕ್ಕೆ ಕೈ ಹಾಕಿಯೂ ಬಿಟ್ಟರು. ಎಡಗಡೆ ವಿಳಿಂಜಂ ಬಂದರಿನ ಕಡೆಗೆ ದಿಗಂತದಲ್ಲಿ ದೊಡ್ಡ ದೊಡ್ಡ ಕಂಟೇನರು ಹಡಗುಗಳು ನಿಂತಿದ್ದವು. ಆ ಬಂದರು 2025ರ ಮೇ ತಿಂಗಳಲ್ಲಷ್ಟೇ ಅಧಿಕೃತವಾಗಿ ಉದ್ಘಾಟನೆಯಾದದ್ದು. 1986ರಲ್ಲಿ ಆ ದಿಕ್ಕಿನಲ್ಲಿ ರಾತ್ರಿ ದೀಪಸ್ತಂಭದ ಬೆಳಕೊಂದನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ ಎಂದು ಇಬ್ಬರೂ ಹೇಳಿದರು. ನಮಗೆ ಆ ಬೆಳಕನ್ನು ಹಡಗುಗಳ ದೀಪಗಳ ನಡುವೆ ಹುಡುಕಬೇಕಾಯಿತು.

ಗುಲಾಬಿ ನೀರನ್ನು ಅಪ್ಪ ಮೊದಲ ದಿನ ಮುಟ್ಟಲಿಲ್ಲ. ಮೂರನೆಯ ದಿನ ತಿರುವನಂತಪುರದ ಚಾಲ ಮಾರುಕಟ್ಟೆಯಲ್ಲಿ ಅರ್ಧ ಕಿಲೋ ಚಕ್ಕೆ ಕೊಂಡರು.

ಉಪ್ಪುಗಾಳಿಯವರಿಗೆ ಒಂದು ಪ್ರಶ್ನೆ. ಮೊದಲ ಮಹಡಿಯ ಬಾಲ್ಕನಿಯ ತಳದಲ್ಲಿ ತಾವು ಹೇಳಿದ ಕಂದು ಗೆರೆ ಇತ್ತು, ಒಂದು ಕಡೆ ಅಂಗೈಯಗಲ ಕಾಂಕ್ರೀಟು ಕಳಚಿ ಕಂಬಿ ಕಾಣುತ್ತಿತ್ತು. ಅದರ ಕೆಳಗೆ ಯಾರೂ ಕೂರದಂತೆ ಹಗ್ಗ ಕಟ್ಟಿದ್ದರು, ಮೇಲಿನ ಕೊಠಡಿಗೆ ಬೀಗ ಹಾಕಿದ್ದರು. ಸೀಸನ್ ಮುಗಿದ ಮೇಲೆ ಏಪ್ರಿಲಿನಲ್ಲಿ ಪ್ಲಾಸ್ಟರ್ ಮಾಡಿಸುತ್ತೇವೆ ಎಂದು ಮಾಲೀಕರು ಹೇಳಿದರು. ಪ್ಲಾಸ್ಟರ್ ಮಾಡಿಸಿದರೆ ಸಾಕಾಗುತ್ತದೆಯೇ? ಅವರ ಫೋನು ನಂಬರು ನನ್ನಲ್ಲಿದೆ, ತಿಳಿಸಬಲ್ಲೆ.

ಉಪ್ಪುಗಾಳಿ

ಹಗ್ಗ ಕಟ್ಟಿದ್ದೂ ಬೀಗ ಹಾಕಿದ್ದೂ ಒಳ್ಳೆಯ ಲಕ್ಷಣ. ಏಪ್ರಿಲ್ ಸರಿಯಾದ ಕಾಲ, ಮಳೆಗೆ ಮುನ್ನ ಕೆಲಸ ಮುಗಿದು ಆರಬೇಕು. ಆದರೆ ಬರಿಯ ಪ್ಲಾಸ್ಟರು ಸಾಲದು. ತುಕ್ಕು ಹಿಡಿದ ಕಂಬಿಯ ಹಿಂಭಾಗದವರೆಗೂ, ಬೆರಳು ತೂರುವಷ್ಟು, ಹಳೆಯ ಕಾಂಕ್ರೀಟನ್ನು ಕೆತ್ತಿ ತೆಗೆಯಬೇಕು. ಕಂಬಿಯನ್ನು ಹೊಳೆಯುವ ತನಕ ಉಜ್ಜಿ, ಸವೆದಿದ್ದರೆ ಪಕ್ಕದಲ್ಲಿ ಹೊಸದನ್ನು ಜೋಡಿಸಿ, ಸತುವಿನ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ಮುಚ್ಚಬೇಕು. ಕಳಚಿ ಬಿದ್ದಷ್ಟು ಜಾಗಕ್ಕೇ ತೇಪೆ ಹಾಕಿದರೆ ಸುತ್ತಲಿನ ಕಾಂಕ್ರೀಟಿನಲ್ಲಿ ಉಪ್ಪು ಹಾಗೆಯೇ ಉಳಿದಿರುವುದರಿಂದ ತೇಪೆಯ ಅಂಚಿನಲ್ಲೇ ತುಕ್ಕು ಮತ್ತೆ ಹುಟ್ಟುತ್ತದೆ. ಆದ್ದರಿಂದ ಸುತ್ತಿಗೆಯಿಂದ ಬಾಲ್ಕನಿಯ ತಳವನ್ನು ಪೂರ್ತಿ ಮೆಲ್ಲಗೆ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು, ಅಷ್ಟನ್ನೂ ತೆಗೆಸಬೇಕು. ಕಲಸಲು ಆ ಬಾವಿಯ ನೀರು ಖಂಡಿತ ಬೇಡ, ಟ್ಯಾಂಕರಿನ ಸಿಹಿನೀರನ್ನೇ ತರಿಸಲಿ. ಇಷ್ಟನ್ನು ಅವರಿಗೆ ತಿಳಿಸಿ.